ಸಾಹಾ ಕೈ, ಪಂತ್ ಬ್ಯಾಟು

ಭಾರತದ ಟೆಸ್ಟ್ ತಂಡಕ್ಕೆ ಎರಡೂ ಕಡೆ ಕೊರತೆ ಇಲ್ಲದ ವಿಕೆಟ್ ಕೀಪರ್ ಸಿಕ್ಕಿದ್ದನ್ನು ನಾನು ಸರಿಯಾಗಿ ನೋಡಿದ್ದು 2021ರ ಜನವರಿಯಲ್ಲಿ, ಸಿಡ್ನಿಯಲ್ಲಿ. ತಮಾಷೆ ಏನಪ್ಪಾ ಅಂದ್ರೆ, ಅವನು ಒಬ್ಬನಾಗಿರಲಿಲ್ಲ, ಇಬ್ಬರು ಸೇರಿ ಆದ ಕೀಪರ್. ಮೂರನೇ ದಿನ ರಿಷಭ್ ಪಂತ್ ಬ್ಯಾಟಿಂಗ್ ಮಾಡ್ತಿದ್ದಾಗ ಪ್ಯಾಟ್ ಕಮಿನ್ಸ್ ಹಾಕಿದ ಚೆಂಡು ಮೊಣಕೈಗೆ ಬಡೀತು. ಆಸ್ಟ್ರೇಲಿಯಾದ ಎರಡನೇ ಇನ್ನಿಂಗ್ಸಿಗೆ ಗ್ಲೌಸ್ ತೊಟ್ಟು ಬಂದವನು ವೃದ್ಧಿಮಾನ್ ಸಾಹಾ. ಮೊದಲೆಲ್ಲ ಬದಲಿ ಆಟಗಾರ ಕೀಪಿಂಗ್ ಮಾಡೋ ಹಾಗಿರಲಿಲ್ಲ. 2017ರ ಅಕ್ಟೋಬರಿನಲ್ಲಿ ಹೊಸ ನಿಯಮಗಳು ಬಂದವು, ಅಂಪೈರ್ ಒಪ್ಪಿದರೆ ಮಾಡಬಹುದು ಅಂತಾಯ್ತು. ಸಾಹಾ ಬಂದ, ಲೆಗ್ ಸೈಡಿನಲ್ಲಿ ಹಾರಿ ಲಬುಶೇನ್ ಕ್ಯಾಚ್ ಹಿಡಿದ. ಐದನೇ ದಿನ ಪಂತ್ ನೋವು ನುಂಗಿಕೊಂಡು ಬ್ಯಾಟ್ ಹಿಡಿದು 118 ಎಸೆತಗಳಲ್ಲಿ 97 ಹೊಡೆದ. ಆಮೇಲೆ ವಿಹಾರಿ, ಅಶ್ವಿನ್ ನೋವಲ್ಲೇ ಕಚ್ಚಿ ನಿಂತು ಡ್ರಾ ಮಾಡಿಕೊಂಡ ಕಥೆ ಎಲ್ಲರಿಗೂ ಗೊತ್ತು.

ಬದಲಿ ಆಟಗಾರ ಹಿಡಿದ ಕ್ಯಾಚ್ ಅವನ ಖಾತೆಗೆ ಸೇರಲ್ಲ. ಸ್ಕೋರ್‌ಕಾರ್ಡಿನಲ್ಲಿ 'ಸಬ್' ಅಂತಿರುತ್ತೆ, ಅಷ್ಟೇ. ಇವತ್ತು ಸಾಹಾ ಅಂಕಿಅಂಶ ತೆಗೆದು ನೋಡಿದರೆ 40 ಟೆಸ್ಟ್, 92 ಕ್ಯಾಚ್, 12 ಸ್ಟಂಪಿಂಗ್. ಲಬುಶೇನನ ಆ ಕ್ಯಾಚ್ ಅದರೊಳಗೆ ಇಲ್ಲ. ನೀವು ಬರೆದ ಕೋಡು ಇನ್ನೊಬ್ಬರ ಹೆಸರಲ್ಲಿ ಚೆಕ್-ಇನ್ ಆದ ಹಾಗೆ.

ಯಾರನ್ನು ಆಡಿಸಬೇಕು ಅನ್ನೋ ಜಗಳ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲೂ ನಡೆದಿದೆ, ವಾಟ್ಸಾಪಿನಲ್ಲೂ ನಡೆದಿದೆ. ಹೆಚ್ಚಿನವರು ಎರಡೇ ವಾಕ್ಯದಲ್ಲಿ ಮುಗಿಸ್ತಾರೆ. ಒಬ್ಬ 'ಗಬ್ಬಾ' ಅಂತಾನೆ, ಇನ್ನೊಬ್ಬ 'ಪುಕೋವ್ಸ್ಕಿ' ಅಂತಾನೆ. ಗಬ್ಬಾ ಅಂದ್ರೆ 2021ರ ಜನವರಿ 19, ಪಂತ್ ಔಟಾಗದೆ 89, ನಾವು 328 ಬೆನ್ನಟ್ಟಿ ಗೆದ್ದಿದ್ದು. ಪುಕೋವ್ಸ್ಕಿ ಅಂದ್ರೆ ಅದಕ್ಕೂ ಮೊದಲು ಅದೇ ಸಿಡ್ನಿ ಟೆಸ್ಟಿನ ಮೊದಲ ದಿನ, ಪಂತ್ ಆ ಹುಡುಗನ ಕ್ಯಾಚನ್ನು ಎರಡು ಸಲ ಬಿಟ್ಟಿದ್ದು. ಒಮ್ಮೆ 26ರಲ್ಲಿ, ಇನ್ನೊಮ್ಮೆ 32ರಲ್ಲಿ. ಪುಕೋವ್ಸ್ಕಿ 62ಕ್ಕೆ ಔಟಾದ. ಅಂದರೆ ಮೊದಲನೇ ತಪ್ಪಿಗೆ ತೆತ್ತ ಬೆಲೆ 36 ರನ್. ಪಂತ್ ಆ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಹೊಡೆದಿದ್ದೂ ಸರಿಯಾಗಿ 36. ಇದನ್ನು ನೋಡಿ ನನಗೆ ನಗು ಬಂದಿತ್ತು. ಎಕ್ಸೆಲ್ ಶೀಟಲ್ಲಿ ಡೆಬಿಟ್ಟು ಕ್ರೆಡಿಟ್ಟು ಇಷ್ಟು ಚೆನ್ನಾಗಿ ಕೂಡಿ ಬರೋದು ಅಪರೂಪ.

ಸರಿ, ಲೆಕ್ಕವನ್ನೇ ಮಾಡೋಣ. ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟಾದರೂ ಬೇಡವಾ. ಸಾಹಾ ಟೆಸ್ಟ್ ಬ್ಯಾಟಿಂಗ್ ಸರಾಸರಿ 29ರ ಮೇಲೆ ಚೂರು. ಪಂತ್‌ದು 40ಕ್ಕೂ ಮೇಲೆ. ಒಂದು ಇನ್ನಿಂಗ್ಸಿಗೆ ವ್ಯತ್ಯಾಸ 12-13 ರನ್ ಅಂತಿಟ್ಟುಕೊಳ್ಳಿ. ಒಂದು ಟೆಸ್ಟಿನಲ್ಲಿ ಎರಡೂ ಇನ್ನಿಂಗ್ಸ್ ಯಾವಾಗಲೂ ಸಿಗಲ್ಲ, ಆದ್ದರಿಂದ ಪಂದ್ಯಕ್ಕೆ 20-22 ರನ್ ಲಾಭ. ಇನ್ನು ಕ್ಯಾಚ್. ಜೀವದಾನ ಸಿಕ್ಕ ಬ್ಯಾಟ್ಸ್‌ಮನ್ ಅಲ್ಲಿಂದ ಮುಂದೆ ಹೆಚ್ಚುಕಮ್ಮಿ ತನ್ನ ಸರಾಸರಿಯಷ್ಟು ಹೊಡೀತಾನೆ ಅಂತ ಹಿಡಿದರೆ, ಮೇಲಿನವನಾದರೆ 35-40, ಬಾಲಂಗೋಚಿಯಾದರೆ 10. ಎಲ್ಲ ಕಲಸಿದರೆ ಒಂದು ಕೈಬಿಟ್ಟ ಕ್ಯಾಚಿಗೆ 25-30 ರನ್. ಅಂದರೆ ಲೆಕ್ಕ ಸಮ ಆಗಬೇಕಾದರೆ ಪಂತ್ ಪ್ರತಿ ಟೆಸ್ಟಿನಲ್ಲೂ ಸಾಹಾಗಿಂತ ಹತ್ತಿರಹತ್ತಿರ ಒಂದು ಕ್ಯಾಚನ್ನು ಹೆಚ್ಚಿಗೆ ಬಿಡಬೇಕು. ಪಂತ್ ಎಷ್ಟೇ ಕೆಟ್ಟದಾಗಿ ಕೀಪ್ ಮಾಡಿದ ಸರಣಿಯಲ್ಲೂ ಆ ದರದಲ್ಲಿ ಬಿಟ್ಟಿದ್ದು ನನಗೆ ನೆನಪಿಲ್ಲ. 2018ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಒಂದೇ ಟೆಸ್ಟಿನಲ್ಲಿ 11 ಕ್ಯಾಚ್ ಹಿಡಿದವನೂ ಅವನೇ. ಅದು ಮುರಿದಿದ್ದು ಯಾರ ಭಾರತೀಯ ದಾಖಲೆ ಗೊತ್ತಾ? ಅದೇ ವರ್ಷದ ಜನವರಿಯಲ್ಲಿ ಕೇಪ್‌ಟೌನಿನಲ್ಲಿ 10 ಹಿಡಿದಿದ್ದ ಸಾಹಾದು.

ಆ ಕೇಪ್‌ಟೌನ್ ಟೆಸ್ಟ್ ಬಗ್ಗೆ ಇನ್ನೊಂದು ಮಾತು. ಹತ್ತು ಕ್ಯಾಚ್ ಹಿಡಿದ ಸಾಹಾ ಬ್ಯಾಟಿಂಗಿನಲ್ಲಿ ಹೊಡೆದಿದ್ದು ಸೊನ್ನೆ ಮತ್ತು ಎಂಟು. ನಾವು ಸೋತಿದ್ದು 72 ರನ್ನಿಂದ. ಆ ಪಂದ್ಯದಲ್ಲಿ ಅವನು ಚೆನ್ನಾಗಿ ಆಡಿದನಾ ಇಲ್ಲವಾ? ನಾಲ್ಕು ಜನರನ್ನು ಕೇಳಿ, ನಾಲ್ಕು ಉತ್ತರ ಬರುತ್ತೆ.

ನನ್ನ ಶೀಟಿನಲ್ಲಿ ಒಂದು ಕಾಲಮ್ಮೇ ಇಲ್ಲ ಅಂತ ಹೇಳಿಕೊಟ್ಟವರು ನಮ್ಮ ದೊಡ್ಡಪ್ಪನ ಮಗ. ಅಣ್ಣ ಅಂತಲೇ ಕರೆಯೋದು. ನಮ್ಮೂರ ಟೀಮಿನ ಕೀಪರ್ ಆಗಿದ್ದರು, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾರೆ.

ಹಳ್ಳಿ ಕ್ರಿಕೆಟ್ಟಿನಲ್ಲಿ ಕೀಪರ್ ಅಂದ್ರೆ ಮರ್ಯಾದೆ ಇಲ್ಲದ ಕೆಲಸ. ನಾವು ಆಡ್ತಿದ್ದಿದ್ದು ಕೆರೆ ಅಂಗಳದಲ್ಲಿ, ಬೇಸಿಗೆಯಲ್ಲಿ ನೀರಿಳಿದ ಮೇಲೆ. ಜನ ಕಮ್ಮಿ ಇದ್ದರೆ 'ಕಾಮನ್ ಕೀಪರ್', ಅಂದರೆ ಬ್ಯಾಟಿಂಗ್ ಟೀಮಿನವನೇ ಒಬ್ಬ ಹಿಂದೆ ನಿಲ್ಲೋದು. ಅವನು ತನ್ನ ಟೀಮಿನವನ ಕ್ಯಾಚ್ ಹಿಡೀತಾನಾ? ಹೊಟ್ಟೆಗೆ ಬಂದಿದ್ದನ್ನೂ ಬಿಡ್ತಿದ್ದ. ಹಿಂದೆ ಜಾಲಿ ಮುಳ್ಳು. ಚೆಂಡು ಬಿಟ್ಟವನೇ ಅದರೊಳಗೆ ನುಗ್ಗಿ ತರಬೇಕು. ಅಣ್ಣ ಚೆನ್ನಾಗಿ ಕೀಪಿಂಗ್ ಕಲಿತಿದ್ದು ಆ ಮುಳ್ಳಿನ ಭಯಕ್ಕೆ ಅಂತ ಅವರೇ ಹೇಳ್ತಾರೆ. ಗ್ಲೌಸ್ ಯಾರ ಹತ್ರ ಇತ್ತು, ಬರಿಗೈಯಲ್ಲೇ. ನಮ್ಮ ಕಿರ್ಮಾನಿ ಹುಡುಗರಾಗಿದ್ದಾಗ ಇಟ್ಟಿಗೆ ಹಿಡಿದು ಕೀಪಿಂಗ್ ಮಾಡ್ತಿದ್ದರಂತೆ, ಅವರೇ ಹೇಳಿಕೊಂಡಿದ್ದಾರೆ. ಅದನ್ನು ಓದಿ ಹೇಳಿದಾಗ ಅಣ್ಣನಿಗೆ ಆದ ಖುಷಿ ನೋಡಬೇಕಿತ್ತು.

ಅಣ್ಣ ಹೇಳಿದ್ದು ಇದು: 'ಕೀಪರ್ ಎಷ್ಟು ದೂರ ಹಾರ್ತಾನೆ ಅನ್ನೋದರ ಮೇಲೆ ಫಸ್ಟ್ ಸ್ಲಿಪ್ ಎಲ್ಲಿ ನಿಂತ್ಕೋಬೇಕು ಅಂತ ತೀರ್ಮಾನ ಆಗೋದು ಕಣೋ. ಕೀಪರ್ ಸರಿ ಇಲ್ಲ ಅಂದ್ರೆ ಸ್ಲಿಪ್ಪಿನೋನು ಒತ್ತೊತ್ತಾಗಿ ನಿಲ್ತಾನೆ. ಆಗ ಆಚೆ ಕಡೆ ಸಂದು ಬೀಳುತ್ತೆ. ಆ ಸಂದಿನಲ್ಲಿ ಹೋದ ಬಾಲಿಗೆ ಯಾರ್ ಹೆಸರೂ ಬರಿಯಲ್ಲ.'

ನಿಜ ತಾನೇ. ಸಾಹಾ ಇದ್ದಾಗ ಮೊದಲ ಸ್ಲಿಪ್ ಒಂದು ಹೆಜ್ಜೆ ಅಗಲಕ್ಕೆ ನಿಲ್ಲಬಹುದು, ಅದರಿಂದ ಇಡೀ ಸಾಲು ಒಂದೊಂದು ಹೆಜ್ಜೆ ಅಗಲ ಆಗುತ್ತೆ. ಇದು ಯಾವ ಅಂಕಿಅಂಶದಲ್ಲೂ ಬರಲ್ಲ. ಹಾಗೇ ಸ್ಪಿನ್ನರಿಗೆ ಕೀಪ್ ಮಾಡೋದು. ನಮ್ಮ ಕಡೆಯ ಪಿಚ್ಚುಗಳಲ್ಲಿ ನಾಲ್ಕನೇ ದಿನ ಅಶ್ವಿನ್ ಹಾಕಿದ ಚೆಂಡು ಒಂದು ಮಂಡಿಯಷ್ಟು ಎದ್ದರೆ ಇನ್ನೊಂದು ಕಾಲ್ಬೆರಳಿಗೆ ಹೋಗುತ್ತೆ. ಎಡಗೈ ಬ್ಯಾಟ್ಸ್‌ಮನ್ ಕಾಲು ಮುಂದಿಟ್ಟು ಅಡ್ಡ ನಿಂತಾಗ ಕೀಪರಿಗೆ ಚೆಂಡು ಬೀಳೋದೇ ಕಾಣಲ್ಲ. ಒಳ್ಳೆ ಕೀಪರ್ ಕೂತೇ ಇರ್ತಾನೆ, ಚೆಂಡು ಎದ್ದ ಮೇಲೆ ಏಳ್ತಾನೆ. ಪಂತ್ ಶುರುವಿನ ವರ್ಷಗಳಲ್ಲಿ ಚೆಂಡಿಗಿಂತ ಮೊದಲೇ ಏಳ್ತಿದ್ದ. ಆಸ್ಟ್ರೇಲಿಯಾದಲ್ಲಿ ವೇಗದವರಿಗೆ ಹದಿನೈದಿಪ್ಪತ್ತು ಗಜ ಹಿಂದೆ ನಿಂತು ಎದೆಮಟ್ಟದ ಚೆಂಡು ಹಿಡಿಯೋನಿಗೂ ರಾಂಚಿಯಲ್ಲಿ ಸ್ಟಂಪಿಗೆ ಅಂಟಿಕೊಂಡು ಕೂರೋನಿಗೂ ಒಂದೇ ಹೆಸರು ಕೊಟ್ಟಿರೋದೇ ತಪ್ಪು ಅನ್ಸುತ್ತೆ.

2019ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾ ಬಂದಾಗ ನಮ್ಮವರು ಇದನ್ನೇ ಮಾಡಿದ್ದು. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಶತಕ ಹೊಡೆದು ಬಂದ ಪಂತ್‌ನ ಕೂರಿಸಿ, ಸ್ವದೇಶದಲ್ಲಿ ಸಾಹಾನ ಆಡಿಸಿದರು. ಜಗತ್ತಿನ ಅತ್ಯುತ್ತಮ ಕೀಪರ್ ಅಂತ ಕೊಹ್ಲಿ ಬಾಯಲ್ಲೇ ಹೊಗಳಿಸಿಕೊಂಡ ಸಾಹಾ. ಮರು ವರ್ಷ ಫೆಬ್ರವರಿಯಲ್ಲಿ ನ್ಯೂಜಿಲೆಂಡಿಗೆ ಹೋದಾಗ ಮತ್ತೆ ಪಂತ್. ಊರಿಗೊಂದು ಕೀಪರ್, ಪರಊರಿಗೊಂದು ಕೀಪರ್. ನನಗೆ ಇಷ್ಟವಾದ ಏರ್ಪಾಡು ಅದು. ಬಹಳ ದಿನ ಬಾಳಲಿಲ್ಲ. 2021ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಪಂತೇ ಕೀಪರ್. ಅಹಮದಾಬಾದಿನಲ್ಲಿ ಶತಕವನ್ನೂ ಹೊಡೆದ, ಕೀಪಿಂಗೂ ಸುಧಾರಿಸಿತ್ತು, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ.

ಕರ್ನಾಟಕದವರಿಗೆ ಈ ಜಗಳ ಹೊಸದಲ್ಲ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಮೇಲೆ 192 ಹೊಡೆದವರು. ಆ ಸರಣಿಯಲ್ಲಿ 500ಕ್ಕೂ ಹೆಚ್ಚು ರನ್. ಆದರೂ ಫರೂಕ್ ಇಂಜಿನಿಯರ್ ಜೊತೆಗಿನ ಪೈಪೋಟಿಯಲ್ಲಿ ಒಳಗೆ-ಹೊರಗೆ ಆಗ್ತಾನೇ ಇದ್ದು, 18 ಟೆಸ್ಟಿಗೆ ಮುಗಿದುಹೋಯ್ತು. 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರೂ ಒಟ್ಟಿಗೆ ಆಡಿದಾಗ ಕುಂದರನ್ ಕೈಗೆ ಹೊಸ ಚೆಂಡು ಕೊಟ್ಟು ಬೌಲಿಂಗ್ ಶುರು ಮಾಡಿಸಿದರು! ಕೀಪರ್ ಕೈಲಿ ಓಪನಿಂಗ್ ಬೌಲಿಂಗ್. ನಮ್ಮ ಮ್ಯಾನೇಜರುಗಳು ಡಿಸೈನರ್ ಕೈಲಿ ಸರ್ವರ್ ಕಾನ್ಫಿಗರ್ ಮಾಡಿಸೋದಕ್ಕೆ ಸಂಪ್ರದಾಯದ ಬೆಂಬಲ ಇದೆ ಅಂತಾಯ್ತು.

ಕಿರ್ಮಾನಿ ವಿಷಯ ಬೇರೆ. ಕೈ ಮೊದಲು, ಬ್ಯಾಟು ಆಮೇಲೆ ಅನ್ನೋ ಕಾಲದವರು. ಆದರೂ 88 ಟೆಸ್ಟಿನಲ್ಲಿ 2759 ರನ್, ಎರಡು ಶತಕ. ಒಂದು ಶತಕ ನೈಟ್‌ವಾಚ್‌ಮನ್ ಆಗಿ ಹೋಗಿ ಹೊಡೆದಿದ್ದು. ಇಷ್ಟಿದ್ದೂ 1979ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಟ್ಟಿದ್ದರು. 1983ರಲ್ಲಿ ಟನ್‌ಬ್ರಿಡ್ಜ್ ವೆಲ್ಸಿನಲ್ಲಿ ಕಪಿಲ್ 175 ಹೊಡೆದಾಗ ಆ ಕಡೆ 24 ರನ್ನಿನೊಂದಿಗೆ ನಿಂತಿದ್ದವರು ಕಿರ್ಮಾನಿ. ಮುರಿಯದ ಒಂಬತ್ತನೇ ವಿಕೆಟ್ಟಿಗೆ 126. ಆ 24ನ್ನು ಸರಾಸರಿಯ ಲೆಕ್ಕಕ್ಕೆ ಹಾಕಿದರೆ ಏನೂ ಇಲ್ಲ. ಅವು ಇಲ್ಲದಿದ್ದರೆ ಆ ಕಪ್ಪೇ ಇರ್ತಿತ್ತೋ ಇಲ್ವೋ. ಕೀಪರಿನ ರನ್ ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಇದನ್ನು ನನ್ನ ಶೀಟಿಗೆ ಹೇಗೆ ಸೇರಿಸಬೇಕೋ ನನಗಿನ್ನೂ ಹೊಳೆದಿಲ್ಲ.

ಆಮೇಲೆ ಸದಾನಂದ ವಿಶ್ವನಾಥ್. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲಿನಲ್ಲಿ ಶಿವರಾಮಕೃಷ್ಣನ್ ಬೌಲಿಂಗಿಗೆ ಮಿಯಾಂದಾದ್‌ನ ಸ್ಟಂಪ್ ಮಾಡಿದ್ದನ್ನು ಒಮ್ಮೆ ಯೂಟ್ಯೂಬಿನಲ್ಲಿ ನೋಡಿ. ಆ ಚುರುಕಿನ ಕೈಗೆ ಸಿಕ್ಕಿದ್ದು ಮೂರೇ ಟೆಸ್ಟ್.

ದ್ರಾವಿಡ್ ಕಾಲಕ್ಕೆ ಪ್ರಶ್ನೆಯೇ ಉಲ್ಟಾ ಆಯ್ತು. ಮೊಂಗಿಯಾ ನಂತರ ದಾಸ್‌ಗುಪ್ತಾ, ರಾತ್ರಾ, ಪಾರ್ಥಿವ್ ಅಂತ ಒಬ್ಬರಾದ ಮೇಲೆ ಒಬ್ಬರನ್ನು ಪರೀಕ್ಷೆ ಮಾಡ್ತಾ ಇದ್ದ ಕಾಲ. ಪಾರ್ಥಿವ್ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಹದಿನೇಳು ವರ್ಷ, ನಾನು ಬೋರ್ಡ್ ಎಕ್ಸಾಮಿಗೆ ಹೆದರ್ತಿದ್ದ ವಯಸ್ಸು. ಒನ್‌ಡೇಗೆ ಗಂಗೂಲಿ ಕಂಡುಕೊಂಡ ದಾರಿ: ಕೀಪರ್ ಬ್ಯಾಟ್ ಮಾಡಲ್ಲ ಅಂದ್ರೆ ಬ್ಯಾಟ್ಸ್‌ಮನ್ನೇ ಕೀಪ್ ಮಾಡಲಿ. ದ್ರಾವಿಡ್ 70ಕ್ಕೂ ಹೆಚ್ಚು ಒನ್‌ಡೇಗಳಲ್ಲಿ ಗ್ಲೌಸ್ ತೊಟ್ಟರು. ಅದರಿಂದ ಏಳನೇ ಕ್ರಮಾಂಕದಲ್ಲಿ ಕೈಫ್‌ನಂಥ ಇನ್ನೊಬ್ಬ ಬ್ಯಾಟ್ಸ್‌ಮನ್ನಿಗೆ ಜಾಗ ಸಿಕ್ತು, 2003ರ ವಿಶ್ವಕಪ್ ಫೈನಲ್ ತನಕ ಹೋದೆವು. ನಮ್ಮೂರಲ್ಲಿ ಆಗ ಎಲ್ಲರಿಗೂ ಸಿಟ್ಟು. ನಮ್ಮ ಹುಡುಗನ್ನ ಕೂಲಿ ಥರ ದುಡಿಸಿಕೊಳ್ತಾರೆ ಅಂತ. ಇಪ್ಪತ್ತು ವರ್ಷ ಆದ ಮೇಲೆ ಅದೇ ಕೆಲಸ ಕೆ.ಎಲ್. ರಾಹುಲ್‌ಗೆ ಬಂತು, 2023ರ ವಿಶ್ವಕಪ್ ಪೂರ್ತಿ ಅವನೇ ಕೀಪರ್, ಕೋಚ್ ಕುರ್ಚಿಯಲ್ಲಿ ದ್ರಾವಿಡ್. ಆ ಡಿಸೆಂಬರಿನಲ್ಲಿ ಸೆಂಚುರಿಯನ್ ಟೆಸ್ಟಿನಲ್ಲೂ ರಾಹುಲ್ ಕೀಪ್ ಮಾಡಿ ಶತಕ ಹೊಡೆದ. ಆದರೆ ಮುಂದಿನ ತಿಂಗಳು ಇಂಗ್ಲೆಂಡ್ ಇಲ್ಲಿಗೆ ಬರೋ ಹೊತ್ತಿಗೆ, ಈ ಸರಣಿಗೆ ರಾಹುಲ್ ಕೀಪರ್ ಅಲ್ಲ ಅಂತ ದ್ರಾವಿಡ್ ಕಡ್ಡಿ ಮುರಿದ ಹಾಗೆ ಹೇಳಿದರು. ತಾನೇ ಆ ಗ್ಲೌಸ್ ತೊಟ್ಟು ಬೆವರು ಸುರಿಸಿದವರಿಗೆ ಜಡೇಜಾ, ಅಶ್ವಿನ್ ಬೌಲಿಂಗಿಗೆ ತಿರುಗೋ ಪಿಚ್ಚಿನಲ್ಲಿ ದಿನವಿಡೀ ಕೂತು ಏಳೋದು ಏನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ಸರಣಿಗೆ ಬಂದವನು ಕೆ.ಎಸ್. ಭರತ್. ಪಂತ್ ಕಾರು ಅಪಘಾತವಾಗಿ ಮಲಗಿದ್ದ ಕಾಲ. ಭರತ್ ಕೈ ಬಗ್ಗೆ ಯಾರೂ ಮಾತಾಡೋ ಹಾಗಿರಲಿಲ್ಲ, ಆದರೆ ಬ್ಯಾಟಿಂಗ್ ಸರಾಸರಿ 20. ಎರಡು ಟೆಸ್ಟ್ ಆದ ಮೇಲೆ ಕೂರಿಸಿ, ರಾಜ್‌ಕೋಟಿನಲ್ಲಿ ಧ್ರುವ್ ಜುರೆಲ್‌ಗೆ ಕ್ಯಾಪ್ ಕೊಟ್ಟರು. ಮೊದಲ ಪಂದ್ಯದಲ್ಲೇ ಸಿರಾಜ್ ಎಸೆದ ಅಡ್ಡಾದಿಡ್ಡಿ ಥ್ರೋ ಹಿಡಿದು ಡಕೆಟ್‌ನ ರನೌಟ್ ಮಾಡಿದ. ಮುಂದಿನದು ರಾಂಚಿ. ಆ ಭಾನುವಾರ ನಾನು ಊರಲ್ಲಿದ್ದೆ. ಅಣ್ಣನ ಅಂಗಡಿಯಲ್ಲಿ ಯೂರಿಯಾ ಮೂಟೆ ಮೇಲೆ ಕೂತು ಮೊಬೈಲಿನಲ್ಲಿ ನೋಡ್ತಿದ್ವಿ. ಇಂಗ್ಲೆಂಡ್ 353, ನಾವು 177ಕ್ಕೆ 7 ಇದ್ದವರು. ಜುರೆಲ್ ಕುಲ್ದೀಪ್‌ನ ಕಟ್ಟಿಕೊಂಡು ಆಡ್ತಾ ಆಡ್ತಾ 90ಕ್ಕೆ ಹೋದ, ತಂಡ 307ಕ್ಕೆ.

ಅಲ್ಲೇ ನಾನು ಕೇಳಿದ್ದು. 'ಅಣ್ಣ, ನೀನಾಗಿದ್ರೆ ಯಾರನ್ನ ಆಡಿಸ್ತಿದ್ದೆ? ಸಾಹಾನಾ ಪಂತಾ?' ಸಾಹಾ ಅಂತಾರೆ ಅಂತ ಖಾತ್ರಿ ಇತ್ತು.

'ಪಂತ್' ಅಂದ್ರು, ತಲೆ ಎತ್ತದೆ.

ಇದಕ್ಕೆ ಹಿನ್ನೆಲೆ ಹೇಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ತಾಲೂಕು ಮಟ್ಟದ ಟೆನಿಸ್ ಬಾಲ್ ಟೂರ್ನಮೆಂಟಿಗೆ ನಮ್ಮೂರ ಟೀಮಿನವರು ಪಕ್ಕದೂರಿಂದ ಒಬ್ಬ ಹೊಡಿಬಡಿ ಹುಡುಗನ್ನ ಕರೆಸಿದರು. ಅವನು ಓಡೋಕೆ ಸೋಮಾರಿ, ಆದ್ದರಿಂದ ಕೀಪಿಂಗ್ ಅವನಿಗೇ. ಹತ್ತನೇ ನಂಬರಿಗೆ ಬ್ಯಾಟ್ ಮಾಡ್ತಿದ್ದ ಅಣ್ಣ ಹೊರಗೆ. ನಾಲ್ಕು ಮ್ಯಾಚೂ ನೀರಿನ ಕ್ಯಾನು ಹೊತ್ತುಕೊಂಡು ಬೌಂಡರಿ ಹೊರಗೆ ನಿಂತಿದ್ದರು. ಕಪ್ ಗೆದ್ದು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಬಂದಾಗ ಅದೇ ಟ್ರೇಲರಿನಲ್ಲಿ ಹಿಂದೆ ಕೂತಿದ್ದರು. ನಮ್ಮ ದೊಡ್ಡಮ್ಮ ಮಾತ್ರ ಆ ಕ್ಯಾಪ್ಟನ್ ಮನೆ ಮುಂದೆ ಹೋಗುವಾಗ ವರ್ಷಗಟ್ಟಲೆ ಮುಖ ತಿರುಗಿಸಿಕೊಂಡೇ ಹೋಗ್ತಿದ್ದರು.

'ಅವನು ಸೆಮಿಫೈನಲಲ್ಲಿ ಮೂರು ಕ್ಯಾಚ್ ಬಿಟ್ಟ, ಲೆಕ್ಕ ಇಟ್ಟಿದ್ದೀನಿ' ಅಂದ್ರು ಅಣ್ಣ. 'ಆಮೇಲೆ ಎರಡು ಓವರಲ್ಲಿ ಮೂವತ್ತೆರಡು ಹೊಡ್ದ. ನಾನಿದ್ದಿದ್ರೆ ಆ ಮೂರೂ ಹಿಡೀತಿದ್ದೆ. ಆ ಮೂವತ್ತೆರಡು ಯಾರ್ ಹೊಡೀತಿದ್ರು?' ಗಿರಾಕಿಯೊಬ್ಬರು ಬಂದರು, ಎದ್ದು ಒಂದು ಮೂಟೆ ಕೊಟ್ಟು ಬಂದು ಕೂತರು. 'ಆದ್ರೆ ಒಂದು. ಸಾಹಾ ಕೀಪಿಂಗ್ ಬಂದ್ರೆ ಅಂಗಡಿ ಬಾಗ್ಲು ಹಾಕ್ಬಿಟ್ಟು ನೋಡ್ತಿದ್ದೆ. ಪಂತ್ ಕೀಪಿಂಗ್ ಮಾಡುವಾಗ ವ್ಯಾಪಾರ ಮಾಡ್ತೀನಿ.'

ನನ್ನ ಕೆಲಸದಲ್ಲೂ ಇಂಥವರನ್ನು ನೋಡಿದ್ದೇನೆ. ಹಿಂದೆ ಇದ್ದ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ತಿದ್ದ ಸಹೋದ್ಯೋಗಿಯೊಬ್ಬರಿದ್ದರು. ಅವರಿದ್ದ ಎರಡು ವರ್ಷ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡ್ಕೊಂಡಿದ್ದೇ ಇಲ್ಲ. ಅಪ್ರೈಸಲ್ ಸ್ಲೈಡಿನಲ್ಲಿ ಅವರಿಗೆ ಬರೆಯೋಕೆ ಏನೂ ಇರ್ತಿರಲಿಲ್ಲ, ಯಾಕಂದ್ರೆ ಏನೂ ಆಗಿರಲಿಲ್ಲ. ಹೊಸ ಫೀಚರ್ ಬಿಟ್ಟವನಿಗೆ ಪ್ರಮೋಷನ್. ಅವರು ಬಿಟ್ಟು ಹೋದ ಮೇಲೆ ನಮಗೆಲ್ಲ ರಾತ್ರಿ ಏಳೋದು ಅಭ್ಯಾಸವಾಯ್ತು. ಈ ಹೋಲಿಕೆ ಕೇಳೋಕೆ ಚೆನ್ನಾಗಿದೆ, ಆದರೆ ಪೂರ್ತಿ ಹೊಂದಲ್ಲ. ಕಂಪನಿ ಮನಸ್ಸು ಮಾಡಿದರೆ ಇಬ್ಬರಿಗೂ ಸಂಬಳ ಕೊಡಬಹುದು. ಕ್ರಿಕೆಟ್ ತಂಡಕ್ಕೆ ಹನ್ನೊಂದೇ ಜಾಗ. ಅಲ್ಲಿ ಸಾಹಾ ಒಳಗೆ ಬಂದರೆ ಐದನೇ ಬೌಲರೋ ಆರನೇ ಬ್ಯಾಟ್ಸ್‌ಮನ್ನೋ ಹೊರಗೆ ಹೋಗ್ತಾನೆ. ಕೀಪರ್ ಐದು-ಆರರಲ್ಲಿ ಆಡಬಲ್ಲ ಅಂದ್ರೆ ಐವರು ಬೌಲರ್ ಹಾಕಬಹುದು; ಗಬ್ಬಾದಲ್ಲಿ ಹಾಕಿದ್ದು ಹಾಗೇ. ಸಾಹಾಗೆ ಮುಂದೆ ಜಾಗ ಇಲ್ಲ ಅಂತ 2022ರಲ್ಲಿ ತಂಡದವರು ಹೇಳಿದ್ದನ್ನು ಅವನೇ ಬಹಿರಂಗವಾಗಿ ಹೇಳಿಕೊಂಡ. ನನಗೆ ಬೇಜಾರಾಯ್ತು. ನಿರ್ಧಾರ ತಪ್ಪು ಅಂತ ಮಾತ್ರ ಅನ್ನಿಸಲಿಲ್ಲ.

ಈಗಿನ ಪ್ರಶ್ನೆ ಪಂತಾ ಜುರೆಲ್ಲಾ ಅನ್ನೋದು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಪಂತ್ ಹೆಡಿಂಗ್ಲಿಯ ಎರಡೂ ಇನ್ನಿಂಗ್ಸಿನಲ್ಲಿ ಶತಕ ಹೊಡೆದ. ಲಾರ್ಡ್ಸಿನಲ್ಲಿ ಬೆರಳಿಗೆ ಏಟು, ಮ್ಯಾಂಚೆಸ್ಟರಿನಲ್ಲಿ ಪಾದದ ಮೂಳೆ ಮುರೀತು. ಎರಡೂ ಸಲ ಬದಲಿ ಕೀಪರಾಗಿ ಬಂದವನು ಜುರೆಲ್. ಮತ್ತೆ ಅದೇ 'ಸಬ್'. ಆಮೇಲೆ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ಮೇಲೆ ಜುರೆಲ್ ಶತಕ ಹೊಡೆದು ಕೂತ. ನವೆಂಬರಿನ ಕೋಲ್ಕತ್ತಾ ಟೆಸ್ಟಿಗೆ ಇಬ್ಬರನ್ನೂ ಹಾಕಿಕೊಂಡರು, ರಾಹುಲ್ ಬೇರೆ ಇದ್ದ. ಹನ್ನೊಂದರಲ್ಲಿ ಕೀಪಿಂಗ್ ಬಲ್ಲವರು ಮೂರು ಜನ. ಚೆಂಡು ಬುಗುರಿ ಥರ ತಿರುಗೋ ಆ ಪಿಚ್ಚಿನಲ್ಲಿ ಗ್ಲೌಸ್ ತೊಟ್ಟಿದ್ದು ಪಂತ್. ಜುರೆಲ್ ಬರೀ ಬ್ಯಾಟ್ಸ್‌ಮನ್. ನನ್ನ ಕೈಲಿದ್ದಿದ್ದರೆ ಅದಲು ಬದಲು ಮಾಡ್ತಿದ್ದೆ. ಇಲ್ಲಿ ಆಡುವಾಗ ಜುರೆಲ್ ಸ್ಟಂಪ್ ಹಿಂದೆ, ಪಂತ್ ಐದನೇ ನಂಬರಿನಲ್ಲಿ ಬರೀ ಬ್ಯಾಟು. ಹೊರಗೆ ಹೋದಾಗ ಪಂತ್ ಒಬ್ಬನೇ, ಐವರು ಬೌಲರ್.

ಇದನ್ನು ಅಣ್ಣನಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಉತ್ತರ ಬಂತು: 'ಪಂತ್‌ನ ಸ್ಲಿಪ್ಪಲ್ಲಿ ನಿಲ್ಲಿಸ್ತೀಯಾ, ಬೌಂಡ್ರಿಗೆ ಕಳಿಸ್ತೀಯಾ? ಅವನು ಸುಮ್ನೆ ನಿಲ್ಲೋ ಆಸಾಮಿ ಅಲ್ಲ ಕಣೋ. ಮೊದ್ಲು ಅದನ್ನ ಹೇಳು.'